ಆ ಊರಿನಲ್ಲಿ ನೀರು ಎಲ್ಲಿಗೆ ಹೋಗುತ್ತದೆ?

(ಉಡುಪಿಯಲ್ಲಿ ಯುವ ಕಾಮಿಕ್ಸ್ ಚಿತ್ರಕಾರರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ನಿಮ್ಮ ಪುಟಗಳನ್ನು ನೋಡುತ್ತಿದ್ದೇನೆ. ಹಾರುವ ಕೋಟೆ, ಗಾಜಿನ ಗೋಪುರ, ಮೂರು ಚಂದ್ರ, ಎಲ್ಲ ಇದೆ. ಕೈ ಚೆನ್ನಾಗಿ ಪಳಗಿದೆ. ಆದರೆ ಒಂದೇ ಒಂದು ಮನೆಗೂ ಛಾವಣಿಯ ನೀರು ಹಿಡಿದು ಹರಿಸುವ ದಂಬೆ ಇಲ್ಲ. ಜೂನ್ ತಿಂಗಳಲ್ಲಿ, ಉಡುಪಿಯಲ್ಲಿ ಕೂತು ಮನೆಯ ಮಾಡು, ಅಂದರೆ ಛಾವಣಿ, ಬಿಡಿಸುವವರು ನೀರನ್ನು ಮರೆಯಬಾರದು, ಅಲ್ವಾ?

ನನಗೆ ಇದನ್ನು ಕಲಿಸಿದ್ದು ಹಂಚು ಹಾಕುವ ಹಿರಿಯರೊಬ್ಬರು. ಒಂದು ಮೇ ತಿಂಗಳು ನಮ್ಮ ಮಾಡು ಸರಿಮಾಡಲು ಬಂದಿದ್ದರು. ಹಂಚು ಹೊರುವ ಮರದ ಪಕ್ಕಾಸು, ಅದರ ಮೇಲಿನ ರೀಪಿನ ಪಟ್ಟಿ ಎಲ್ಲ ತಟ್ಟಿ ನೋಡಿ, ಒಡೆದ ಹಂಚು ಇಳಿಸಿ, ಮಜ್ಜಿಗೆ ಕುಡಿಯಲು ಚಾವಡಿಗೆ ಬಂದರು. ಮೇಜಿನ ಮೇಲೆ ನನ್ನ ಹೊಸ ಕಥೆಯ ಮೊದಲ ಪುಟ ಇತ್ತು. ಬೇರೆ ಗ್ರಹದ ಪಟ್ಟಣ, ಮೂರು ವಾರದ ಕೆಲಸ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಒಂದು ಕಡೆ ಬೆರಳಿಟ್ಟು ಕೇಳಿದರು, "ಇಲ್ಲಿ ಮಳೆ ಬರ್ತದಾ?" ಬರುತ್ತದೆ ಎಂದೆ. ಕಥೆ ಶುರುವಾಗುವುದೇ ಜಡಿಮಳೆಯಲ್ಲಿ. "ಹಾಗಾದ್ರೆ ಈ ಎರಡು ಮಾಡು ಸೇರುವಲ್ಲಿ ನೀರು ಎಲ್ಲಿಗೆ ಹೋಗ್ತದೆ?"

ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಲೋಟ ಕೆಳಗಿಟ್ಟು ಮತ್ತೆ ಏಣಿ ಹತ್ತಿದರು. ನಾನು ಆ ಪುಟವನ್ನು ಮೊದಲಿನಿಂದ ಬಿಡಿಸಿದೆ.

ನನ್ನ ಕೈಯಲ್ಲಿರುವ ಈ ಹಂಚು ಅವತ್ತು ಇಳಿಸಿದ್ದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಅದೇ ಜಾತಿಯದು. ಅಂಚಿನ ಈ ತೋಡು ನೋಡಿ. ಪಕ್ಕದ ಹಂಚಿನ ಅಂಚು ಇದರ ಮೇಲೆ ಕೂರುತ್ತದೆ. ಹಿಂಬದಿಯ ಈ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ನೀರು ಹೋಗುವ ದಾರಿಯೇ ಇದಕ್ಕೆ ಆಕಾರ ಕೊಟ್ಟಿದೆ.

"ಇದು ಸೈನ್ಸ್ ಫ್ಯಾಂಟಸಿ, ಏನು ಬೇಕಾದರೂ ಬಿಡಿಸಬಹುದಲ್ಲ ಸರ್" ಎಂದು ಒಬ್ಬರು ಕೇಳಿದರು. ಖಂಡಿತ ಬಿಡಿಸಿ. ನಿಮ್ಮ ಗ್ರಹದಲ್ಲಿ ನೀರು ಮೇಲಕ್ಕೇ ಹರಿಯಲಿ. ಆಗ ದಂಬೆಯನ್ನೂ ತಲೆಕೆಳಗೆ ಕಟ್ಟಬೇಕು, ಅಷ್ಟೇ.

ಶನಿಯ ಚಂದ್ರ ಟೈಟನ್ ಇದೆಯಲ್ಲ, ಅಲ್ಲಿ ನಿಜಕ್ಕೂ ಮಳೆ ಬರುತ್ತದೆ. ಮೀಥೇನ್ ಮಳೆ. ಅಲ್ಲಿನ ಸೆಳೆತ ಭೂಮಿಯದರ ಏಳನೇ ಒಂದು ಪಾಲು. ಗಾಳಿಯೋ ನಮ್ಮದಕ್ಕಿಂತ ದಟ್ಟ. ಹಾಗಾಗಿ ದಪ್ಪ ದಪ್ಪ ಹನಿಗಳು ಹಿಮ ಉದುರಿದ ಹಾಗೆ ನಿಧಾನಕ್ಕೆ ಇಳಿಯುತ್ತವೆ. ಅಂಥ ಕಡೆ ಒಂದು ಊರು ಬಿಡಿಸೋಣ. ನಿಧಾನಕ್ಕೆ ಬೀಳುವ ಹನಿ ಸಣ್ಣ ಗಾಳಿಗೂ ಅಡ್ಡ ಹೋಗುತ್ತದೆ. ಅಂದರೆ ಆ ಊರಿಗೆ ಎರಚಲಿನ ಕಾಟ ಜಾಸ್ತಿ. ಮಾಡಿಗಿಂತ ಗೋಡೆಯ ಚಿಂತೆ ದೊಡ್ಡದು. ಮಳೆಗಾಲಕ್ಕೆ ಮೊದಲು ನಾವು ಜಗಲಿಗೆ ಸೋಗೆಯ ತಟ್ಟಿ ಕಟ್ಟುವುದಿಲ್ವಾ? ಅಲ್ಲಿ ಇಡೀ ಬೀದಿಗೇ ತಟ್ಟಿ ಬೇಕು, ಎರಡೂ ಬದಿಗೆ, ಆಳೆತ್ತರ ಮೀರಿ. ನಿಮ್ಮ ನಾಯಕಿ ಆ ತಟ್ಟಿಗಳ ನಡುವಿನ ಮಬ್ಬು ಬೆಳಕಿನಲ್ಲಿ ಓಡಲಿ. ನೋಡಿ, ಹನಿಯ ಲೆಕ್ಕ ಹಾಕಿದೆವು, ಬೀದಿಯೇ ಸಿಕ್ಕಿತು.

ಸಮಯ ಆಯಿತೆಂದು ಚೀಟಿ ಬಂತು. ಕಲ್ಲಿನ ವಿಷಯ ಬೇಗ ಹೇಳುತ್ತೇನೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೀವೆಲ್ಲ ನೋಡಿದ್ದೀರಿ. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಆದವು. ಸುಮ್ನೆ ಜೇನುಗೂಡಿನ ಹಾಗೆ ಒಂದೇ ಅಚ್ಚಿನಲ್ಲಿ ಬಿಡಿಸಬೇಡಿ. ಐದು ಮೂಲೆಯದೂ ಇದೆ, ಆರು ಮೂಲೆಯದೂ ಇದೆ. ಇನ್ನು ಆಕಾಶದ ಬಣ್ಣ. ಮಂಗಳದಲ್ಲಿ ಸೂರ್ಯ ಮುಳುಗುವಾಗ ಅದರ ಸುತ್ತ ನೀಲಿ ಕಾಣುತ್ತದೆ, ಗಾಳಿಯಲ್ಲಿರುವ ನುಣ್ಣನೆಯ ಧೂಳಿನಿಂದ. ಕಿತ್ತಳೆ ಬಣ್ಣದ ಬಾಟಲಿಗೆ ಕೈಹಾಕುವ ಮೊದಲು ನಿಮ್ಮ ಗ್ರಹದ ಗಾಳಿಯಲ್ಲಿ ಏನಿದೆ ಎಂದು ಯೋಚಿಸಿ. ಪ್ಯಾನೆಲ್ ಅಳತೆಯ ಮಾತು ಊಟದ ಮೇಲೆ.

ಈಗ ಈ ಹಂಚನ್ನು ಕೈಯಿಂದ ಕೈಗೆ ದಾಟಿಸಿ. ಜಾಗ್ರತೆ, ಒಂದು ಮೂಲೆ ಮುಕ್ಕಾಗಿದೆ. ಹಿಂಬದಿಯನ್ನೂ ತಿರುಗಿಸಿ ನೋಡಿ. ನೋಡಿ ಆದವರು ಪೆನ್ಸಿಲ್ ತೆಗೆದುಕೊಂಡು ನಿಮ್ಮ ಮೊದಲ ಪುಟದಲ್ಲಿ ಮಾಡಿನಿಂದ ಅಂಗಳದವರೆಗೆ ನೀರಿನ ದಾರಿ ಎಳೆಯಿರಿ.