ಘಾಟಿ ಇಳಿಯುವ ಮುಂಚೆ ಜೆಟ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ ನಿಂತದ್ದು 1996ರಲ್ಲಿ. ಜಾವಾ, ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಆದರೂ ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಪೆಟ್ರೋಲಿನ ಜೊತೆ ಆಯಿಲನ್ನೂ ಉರಿಸುವ ಆ ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು ಇವತ್ತಿಗೂ ಕಿವಿಗೆ ಬೀಳುತ್ತದೆ. ಅಪ್ಪನ ಕಾಲದ ಬೈಕನ್ನು ಮಗ ಜೋಪಾನ ಮಾಡಿ ಓಡಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಅದಕ್ಕೇ ಈ ಬೈಕುಗಳ ಕಾರ್ಬ್ಯುರೇಟರ್ ಜೆಟ್ ಬಗ್ಗೆ ಒಂದಿಷ್ಟು ಹೇಳಬೇಕು ಅನ್ನಿಸಿತು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವುದು ಕಾರ್ಬ್ಯುರೇಟರ್. ಅದರೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗವೇ ಜೆಟ್.

ಇಂಥ ಬೈಕು ಕೈಗೆ ಬಂದ ಮೇಲೆ ಹುಡುಗರು ಸೈಲೆನ್ಸರ್ ತೆಗೆದು, ಎಂಜಿನ್ನಿನ ಶಕ್ತಿ ಹೆಚ್ಚಿಸುವ ಉಬ್ಬಿದ ಹೊಗೆಕೊಳವೆ, ಅಂದರೆ ಎಕ್ಸ್‌ಪ್ಯಾನ್ಷನ್ ಚೇಂಬರ್ ಹಾಕಿಸುತ್ತಾರೆ. ಏರ್ ಫಿಲ್ಟರ್ ಡಬ್ಬಿ ಕಿತ್ತು ತೆರೆದ ಫಿಲ್ಟರ್ ಕೂರಿಸುತ್ತಾರೆ. ಪಿಸ್ಟನ್ ಓಡಾಡುವ ಬ್ಲಾಕಿನ ಪೋರ್ಟನ್ನು, ಅಂದರೆ ಗಾಳಿ, ಹೊಗೆ ಹೋಗಿಬರುವ ಕಿಂಡಿಯನ್ನು, ಉಜ್ಜಿಸುತ್ತಾರೆ. ರಸ್ತೆಯಲ್ಲಿ ಓಡುವ ಬೈಕಿಗೆ ಸದ್ದಿನ ಸೈಲೆನ್ಸರ್ ಹಾಕಲು ಕಾನೂನು ಬಿಡುವುದಿಲ್ಲ, ಅದು ನೆನಪಿರಲಿ. ಗದ್ದೆ ರೇಸಿಗೋ ಟ್ರ್ಯಾಕಿಗೋ ತಯಾರು ಮಾಡುವವರ ಬಗ್ಗೆ ನಾನು ಹೇಳುತ್ತಿದ್ದೇನೆ. ಇಷ್ಟೆಲ್ಲ ಖರ್ಚು ಮಾಡಿದವರು ಕಾರ್ಬ್ಯುರೇಟರನ್ನು ಮಾತ್ರ ಇದ್ದ ಹಾಗೇ ಬಿಡುತ್ತಾರೆ. ಎಂಜಿನ್ ಕೆಡುವುದು ಅಲ್ಲಿಂದಲೇ.

ಈ ಬದಲಾವಣೆಗಳಿಂದ ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ. ಗಾಳಿ ಜಾಸ್ತಿಯಾದರೆ ಪೆಟ್ರೋಲೂ ಅದಕ್ಕೆ ತಕ್ಕಷ್ಟು ಬೀಳಬೇಕು. ಬೀಳದಿದ್ದರೆ ಒಳಗಿನ ಬಿಸಿ ಏರುತ್ತದೆ, ಪಿಸ್ಟನ್ ಹಿಗ್ಗಿ ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಸೀಜ್ ಆಯಿತು ಅನ್ನುವುದು ಇದನ್ನೇ. ಜಾವಾ, ಯೆಜ್ಡಿಯಂತೆ ಪೆಟ್ರೋಲಿಗೇ ಆಯಿಲ್ ಬೆರೆಸುವ ಬೈಕಿನಲ್ಲಿ ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿಯಾಗುತ್ತದೆ. ಹಾಗಂತ ಹೆದರಿ ಆಯಿಲ್ ಜಾಸ್ತಿ ಸುರಿಯಬೇಡಿ. ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಆಯಿಲ್ ಜಾಗ ಹಿಡಿದಷ್ಟೂ ಪೆಟ್ರೋಲ್ ಇನ್ನೂ ಕಮ್ಮಿಯಾಗುತ್ತದೆ.

ಇಲ್ಲಿ ಮೋಸ ಮಾಡುವ ಸಂಗತಿ ಒಂದಿದೆ. ಪೆಟ್ರೋಲ್ ಸ್ವಲ್ಪ ಕಮ್ಮಿ ಬೀಳುತ್ತಿರುವ ಟೂ ಸ್ಟ್ರೋಕ್ ಎಂಜಿನ್ ಬಹಳ ಚುರುಕಾಗಿ ಓಡುತ್ತದೆ. ಹೊಗೆ ಕಮ್ಮಿ, ಸದ್ದು ಚೊಕ್ಕ. ಗಾಡಿ ಏನು ಹಾರುತ್ತಿದೆ ಅಂತ ಖುಷಿಪಡುವ ಹೊತ್ತಿಗೇ ಅದು ಜಾಮ್ ಆಗುವ ಅಂಚಿಗೆ ಬಂದಿರಬಹುದು.

ಇನ್ನು ನಮ್ಮ ಕೊಡಗಿನ ವಿಷಯ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿ ಹೆಚ್ಚುಕಮ್ಮಿ ಹತ್ತರಲ್ಲೊಂದು ಭಾಗ ತೆಳು. ತೆಳು ಗಾಳಿಗೆ ಪೆಟ್ರೋಲ್ ಕಮ್ಮಿ ಸಾಕು. ಹಾಗಾಗಿ ಮಡಿಕೇರಿಯ ಗ್ಯಾರೇಜಿನಲ್ಲಿ ಒಪ್ಪವಾಗಿ ಕೂರಿಸಿದ ಜೆಟ್ ಸುಳ್ಯ, ಪುತ್ತೂರು ದಾಟುವಷ್ಟರಲ್ಲಿ ಅಲ್ಲಿನ ದಟ್ಟ ಗಾಳಿಗೆ ಸಣ್ಣದಾಗಿರುತ್ತದೆ. ಜೊತೆಗೆ ಸಂಪಾಜೆ ಘಾಟಿಯ ಇಳಿಜಾರು ಬೇರೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುತ್ತೀರಿ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಆಯಿಲ್ ಬೆರೆತ ಪೆಟ್ರೋಲ್ ಒಳಗೆ ಬರುವುದು ಬರೀ ತೊಟ್ಟು ತೊಟ್ಟಾಗಿ. ಕೆಳಗೆ ದಾರಿ ಸಮ ಆದ ಕೂಡಲೇ ಪೂರ್ತಿ ಆಕ್ಸಿಲರೇಟರ್ ಕೊಡುತ್ತೀರಿ. ಆಯಿಲ್ ಒಣಗಿದ ಪಿಸ್ಟನ್ನು, ದಟ್ಟ ಗಾಳಿ, ಸಣ್ಣ ಜೆಟ್, ಮೂರೂ ಒಂದೇ ಕ್ಷಣಕ್ಕೆ ಸೇರಿಬಿಡುತ್ತವೆ. ಘಾಟಿ ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದಿಷ್ಟು ಆಕ್ಸಿಲರೇಟರ್ ಕೊಡಿ. ನ್ಯೂಟ್ರಲ್ ಮಾತ್ರ ಮಾಡಬೇಡಿ.

ಟ್ಯೂನಿಂಗ್ ಶುರು ಮಾಡುವ ಮುಂಚೆ ಗಾಳಿ ಸೋರಿಕೆ ನೋಡಿ. ಕಾರ್ಬ್ಯುರೇಟರಿಗೂ ಬ್ಲಾಕಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡದ ಸೀಲ್ ಹಳತಾಗಿದ್ದರೆ ಯಾವ ಜೆಟ್ ಹಾಕಿದರೂ ಸುಮ್ನೆ. ಫ್ಲೋಟ್ ಮಟ್ಟ, ಅಂದರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟ, ಮತ್ತು ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿ ಇರಲಿ.

ಆಮೇಲೆ ಮೇನ್ ಜೆಟ್. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಪೆಟ್ರೋಲ್ ಅಳೆಯುವುದು ಇದೇ. ಈಗಿರುವುದಕ್ಕಿಂತ ಮೂರು ನಾಲ್ಕು ಸೈಜ್ ದೊಡ್ಡದನ್ನೇ ಮೊದಲು ಹಾಕಿ. ಪೂರ್ತಿ ಆಕ್ಸಿಲರೇಟರಿನಲ್ಲಿ ಎಂಜಿನ್ ಬಿಟ್ಟು ಬಿಟ್ಟು ಹೊಡೆಯುತ್ತದೆ, ಹೊಗೆ ಬರುತ್ತದೆ. ಬರಲಿ, ಪರವಾಗಿಲ್ಲ. ಅಲ್ಲಿಂದ ಒಂದೊಂದೇ ಸೈಜ್ ಇಳಿಸುತ್ತಾ ಬನ್ನಿ. ಸಣ್ಣದರಿಂದ ದೊಡ್ಡದಕ್ಕೆ ಹೋಗುವವರು ದಾರಿಯಲ್ಲೇ ಪಿಸ್ಟನ್ ಕಳೆದುಕೊಳ್ಳುತ್ತಾರೆ. ಪ್ರತಿ ಸಲ ಜನ ವಾಹನ ಇಲ್ಲದ ತೋಟದ ಏರುದಾರಿಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಎಳೆಸಿ, ಹಾಗೇ ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಬುಡ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಸರಿ. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಗಾಡಿ ಮುಂದೆ ಓಡಿಸಲೇಬೇಡಿ, ದೊಡ್ಡ ಜೆಟ್ ಹಾಕಿ. ಬಣ್ಣ ನೋಡಲು ಹೊಸ ಪ್ಲಗ್ಗೇ ಬೇಕು. ಹಳೆ ಪ್ಲಗ್ ಹಳೆ ಕಥೆಯನ್ನೇ ಹೇಳುತ್ತದೆ.

ನಮ್ಮ ತಿರುವು ರಸ್ತೆಗಳಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡುವುದು ಅಪರೂಪ, ಅಲ್ವಾ? ಬಹುಪಾಲು ಓಟ ಆಕ್ಸಿಲರೇಟರಿನ ಕಾಲು ಭಾಗದಿಂದ ಮುಕ್ಕಾಲು ಭಾಗದ ಒಳಗೇ. ಅಲ್ಲಿ ಲೆಕ್ಕಕ್ಕೆ ಬರುವುದು ನೀಡಲ್, ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲಿನ ದಾರಿಯಲ್ಲಿ ಏರಿಳಿಯುವ ಸೂಜಿ. ಅದರ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಬೀಳುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಚ್ಚಿ ಎಂಜಿನ್ ಓಡುವಾಗ, ಲೆಕ್ಕಕ್ಕೆ ಬರುವುದು ಪೈಲಟ್ ಜೆಟ್ ಅನ್ನುವ ಇನ್ನೊಂದು ಸಣ್ಣ ಜೆಟ್, ಮತ್ತೆ ಗಾಳಿ ಹದ ಮಾಡುವ ಏರ್ ಸ್ಕ್ರೂ. ಮಿಕುನಿ ಕಂಪನಿಯ ಕಾರ್ಬ್ಯುರೇಟರಿನಲ್ಲಿ ಏರ್ ಸ್ಕ್ರೂ ಪೂರ್ತಿ ಬಿಗಿಮಾಡಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಎಂಜಿನ್ ಸದ್ದು ಕೇಳುತ್ತಾ ಹದಕ್ಕೆ ತನ್ನಿ.

ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ಗಾಳಿ ಕಮ್ಮಿ ಸಾಕು. ಅಂದರೆ ಹಳೆ ಜೆಟ್ಟಿನಲ್ಲಿ ಬೀಳುವ ಪೆಟ್ರೋಲ್ ಒಳಬರುವ ಗಾಳಿಗೆ ಮತ್ತಷ್ಟು ಸಾಲದಾಗುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲಿಸುವವರು ಫ್ಲೋಟ್ ಬಟ್ಟಲನ್ನು ಖಾಲಿ ಮಾಡಿಡಿ.

ಕರಾವಳಿಗೆ ಹೊರಟಿದ್ದೀರಾ? ಮೇನ್ ಜೆಟ್ ಒಂದು ಸೈಜ್ ದೊಡ್ಡದನ್ನು ಮನೆಯಲ್ಲೇ ಹಾಕಿಕೊಂಡು ಇಳಿಯಿರಿ. ಮಡಿಕೇರಿಯಲ್ಲಿ ಸ್ವಲ್ಪ ಹೊಗೆ ಬಂದೀತು, ಅಷ್ಟೇ. ವಾಪಸ್ ಹತ್ತಿದ ಮೇಲೆ ಹಳೆಯದನ್ನು ಕೂರಿಸಿದರಾಯಿತು. ಯಾವ ಸೈಜ್ ಎಲ್ಲಿಗೆ ಸರಿಹೋಯಿತು, ಕ್ಲಿಪ್ ಯಾವ ಗೀರಿನಲ್ಲಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಟೂಲ್ ಕಿಟ್ಟಿನಲ್ಲೇ ಇಟ್ಟುಕೊಳ್ಳಿ.

ನಮಸ್ಕಾರ.