ಲದ್ದಿ ಹುಳು ಬಂದ ಮೇಲೆ ಕಾಂಡ ಕೊರಕ ಎಲ್ಲಿ ಹೋಯ್ತು?

[ದೃಶ್ಯ: ಮೆಕ್ಕೆಜೋಳದ ಸುಳಿ, ತೀರಾ ಹತ್ತಿರದಿಂದ. ಒಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ.]

ಹಾವೇರಿ ಕಡೆಯ ರೈತರೊಬ್ಬರು ಹಿಂದಿನ ವಿಡಿಯೋ ಕೆಳಗೆ ಕೇಳಿದ್ದರು: "ಗೋವಿನಜೋಳಕ್ಕೆ ಮೊದಲು ಕಾಂಡ ಕೊರಕದ್ದೇ ಕಾಟ. ಈಗ ಎಲ್ಲಿ ನೋಡಿದ್ರೂ ಲದ್ದಿ ಹುಳು. ಹಳೇದು ಎಲ್ಲಿ ಹೋಯ್ತು?" ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ. ಮೂರು ವಾರ ಆಯ್ತು.

ಪರಿಚಯ ಬೇಗ ಮುಗಿಸುತ್ತೇನೆ. ಲದ್ದಿ ಹುಳು ಅಂದರೆ ಫಾಲ್ ಸೈನಿಕ ಹುಳು. ತವರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಸಿಕ್ಕಿತು. ಮೊದಲು ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ! ಈ ಹುಳು ಬೆಳೆದು ಆಗುವ ಪತಂಗ ಒಂದೇ ರಾತ್ರಿ 100 ಕಿಲೋಮೀಟರ್ ಹಾರಬಲ್ಲದು. ಸಾಕು, ಈಗ ಗಿಡದ ತುದಿಯಲ್ಲಿ ಎಳೆ ಎಲೆಗಳು ಸುತ್ತಿಕೊಂಡಿರುತ್ತವಲ್ಲ, ಆ ಸುಳಿಯೊಳಗೆ ಹೋಗೋಣ.

ಸುಳಿ ಅಂದರೆ ಜಾತ್ರೆ ದಿನದ ಕೆಂಪು ಬಸ್ಸಿನ ಸೀಟು. ಕಿಟಕಿಯಿಂದ ಯಾರು ಮೊದಲು ಟವೆಲ್ ಎಸೆಯುತ್ತಾರೋ ಅವರದ್ದು. ಹೆಣ್ಣು ಪತಂಗ ಒಂದೊಂದು ಗುಂಪಿನಲ್ಲಿ ನೂರು ಇನ್ನೂರು ಮೊಟ್ಟೆ ಇಡುತ್ತದೆ. ಮರಿಗಳು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ, ಎಲೆ ಬಟರ್ ಪೇಪರಿನಂತೆ ಆಗುತ್ತದೆ. ಕೆಲವು ರೇಷ್ಮೆಯಂಥ ಎಳೆ ಬಿಟ್ಟುಕೊಂಡು ಗಾಳಿಗೆ ತೇಲಿ ಪಕ್ಕದ ಗಿಡಕ್ಕೆ ಹೋಗುತ್ತವೆ. ಉಳಿದವು ಸುಳಿಗೆ ಇಳಿಯುತ್ತವೆ. ಅಲ್ಲಿಂದ ಶುರು ನೋಡಿ. ಸ್ವಲ್ಪ ಬಲಿತ ಹುಳು ತಮ್ಮನನ್ನೇ ತಿನ್ನುತ್ತದೆ, ತಂಗಿಯನ್ನೂ ಬಿಡುವುದಿಲ್ಲ. ನೂರಾರು ಮರಿಗಳಿದ್ದ ಕುಟುಂಬ, ಕೊನೆಗೆ ಸುಳಿಗೊಂದು ಅಥವಾ ಎರಡು ದಪ್ಪ ಹುಳು. ಆಸ್ತಿ ಜಗಳ ನಾವೂ ಕಂಡಿದ್ದೇವೆ, ಆದರೆ ಇಷ್ಟೊಂದಾ?

ಕಾಂಡ ಕೊರಕದ ಕಷ್ಟ ಇಲ್ಲೇ. ಅದರ ಮರಿಗೂ ಮೊದಲ ಕೆಲವು ದಿನ ಇದೇ ಸುಳಿ ಬೇಕು, ಆಮೇಲೆ ತಾನೇ ದಂಟು ಕೊರೆಯುವುದು. ಕೆನ್ಯಾದಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದ್ದಾರೆ. ಲದ್ದಿ ಹುಳು ಕಾಂಡ ಕೊರಕವನ್ನೂ ತಿಂದಿತು. ಟವೆಲ್ ಹಾಕಿದವನನ್ನೇ ನುಂಗಿ ಸೀಟು ಹಿಡಿಯುವ ಪ್ರಯಾಣಿಕ!

ಆದರೆ ಕೊರಕ ಮೊದಲೇ ದಂಟಿನೊಳಗೆ ಸೇರಿಕೊಂಡರೆ ಬಚಾವ್. ಮೇಲಿನ ಮನೆಯಲ್ಲಿ ಒಬ್ಬ, ಕೆಳಗಿನ ಮನೆಯಲ್ಲಿ ಇನ್ನೊಬ್ಬ. ಹಾಗಾಗಿ ಹಾವೇರಿಯ ಅಣ್ಣನಿಗೆ ನನ್ನ ಉತ್ತರ: ಹಳೇದು ಎಲ್ಲೂ ಹೋಗಿಲ್ಲ. ನಾವು ಸುಳಿ ನೋಡಿ ಬೈದು ವಾಪಸ್ ಬರುತ್ತಿದ್ದೇವೆ, ದಂಟು ಸೀಳಿ ನೋಡುತ್ತಿಲ್ಲ.

[ದೃಶ್ಯ: ಸೀಳಿದ ದಂಟು. ಒಳಗೆ ಸುರಂಗ, ಚುಕ್ಕೆ ಚುಕ್ಕೆಯ ಹುಳು.]

ಈ ಕೊರಕದ ಮೇಲೆ ಜಾಸ್ತಿ ಕನಿಕರವೂ ಬೇಡ. ಏಷ್ಯಾ ಮೂಲದ ಇದು 1930ರ ದಶಕದ ಶುರುವಿನಲ್ಲೇ ಆಫ್ರಿಕಾದ ಮಲಾವಿಯಲ್ಲಿ ಕಾಣಿಸಿಕೊಂಡಿತ್ತು. ಆಮೇಲೆ ಕೆನ್ಯಾದ ಕರಾವಳಿಯಲ್ಲಿ ಅಲ್ಲಿನ ಸ್ಥಳೀಯ ಕೊರಕವನ್ನು ಬಹುಮಟ್ಟಿಗೆ ಮೂಲೆಗೆ ತಳ್ಳಿತು. ಹೇಗೆ? ಬೇಗ ಬೆಳೆಯುತ್ತದೆ, ಒಣಗಾಲದ ನಿದ್ದೆಯಿಂದ ಬೇಗ ಏಳುತ್ತದೆ. ಅಷ್ಟೇ. ಅಲ್ಲಿ ಇದೇ ರೌಡಿ, ಇಲ್ಲಿ ಇದಕ್ಕೇ ಏಟು.

ಈಗ ಬಿಸಿಲಿನ ವಿಷಯ. ಜಗಳದಲ್ಲಿ ಗೆಲ್ಲುವವರು ಯಾರು ಅನ್ನುವುದು ತಾಪಮಾನದ ಮೇಲೂ ನಿಂತಿದೆ. ಆಫ್ರಿಕಾದಲ್ಲಿ ಮೂರು ಜಾತಿಯ ಕೊರಕಗಳನ್ನು ಒಟ್ಟಿಗೆ ಬೆಳೆಸಿದಾಗ, ತಂಪಿನಲ್ಲಿ ಅಲ್ಲಿನ ಕೊರಕಗಳ ಕೈ ಮೇಲಾಯಿತು, ಸೆಕೆ ಏರಿದಾಗ ಏಷ್ಯಾದಿಂದ ಹೋದ ನಮ್ಮ ಕೊರಕದ್ದು. ಅಂದರೆ ಬೆಟ್ಟದ ಮೇಲಿನ ಹೊಲ ಒಂದೆರಡು ಡಿಗ್ರಿ ಬಿಸಿಯಾದರೆ ಹುಳುಗಳ ಲೆಕ್ಕವಷ್ಟೇ ಅಲ್ಲ, ಯಜಮಾನನೇ ಬದಲಾಗಬಹುದು. ಲದ್ದಿ ಹುಳುವಿಗೂ ಸೆಕೆ ಇಷ್ಟ: ಬೆಚ್ಚಗಿದ್ದರೆ ಸುಮಾರು 30 ದಿನಕ್ಕೆ ಒಂದು ತಲೆಮಾರು, ಚಳಿಯಲ್ಲಿ 80-90 ದಿನ. ಆದರೆ ಸೆಕೆ ಅತಿಯಾದರೆ ಅದೂ ಸುಸ್ತು.

ಮಳೆಯೂ ಇದೆ. ಜೋರು ಮಳೆ ಬಂದರೆ ಎಳೆ ಮರಿಗಳು ತೊಳೆದು ಹೋಗುತ್ತವೆ, ಸುಳಿಯಲ್ಲಿ ನೀರು ನಿಂತು ಸಾಯುತ್ತವೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಅವಕ್ಕೆ ಹಬ್ಬ.

ಟೈಮ್ ಆಗ್ತಾ ಇದೆ, ಎಡಿಟರ್ ಕೈ ತೋರಿಸ್ತಾ ಇದ್ದಾರೆ. ಉಳಿದದ್ದು ಒಂದೇ ಉಸಿರಿಗೆ. ಲದ್ದಿ ಹುಳುವಿಗೂ ಶತ್ರುಗಳಿದ್ದಾರೆ. ಅದರ ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡುವ ಪುಟ್ಟ ಕಣಜಗಳಿವೆ. ಹುಳುವನ್ನು ಎಲೆ ಮೇಲೇ ಸೆಟೆದು ನಿಲ್ಲಿಸಿ, ಮೊದಲು ಬಿಳಿ, ಆಮೇಲೆ ಹಸಿರು ಬೂಷ್ಟು ಹಿಡಿಸುವ ಶಿಲೀಂಧ್ರವೊಂದಿದೆ, ಅದು ನಮ್ಮ ಹೊಲಗಳಲ್ಲೇ ಸಿಗುತ್ತದೆ. ಆದರೆ ಅದಕ್ಕೆ ತೇವ ಬೇಕು, ಒಣ ಹವೆಯಲ್ಲಿ ಕೆಲಸ ಮಾಡುವುದಿಲ್ಲ. ಕಣಜಕ್ಕೆ ನಾವು ಸುಮ್ನೆ ಹೊಡೆಯುವ ಔಷಧಿಯೇ ಯಮ.

ನಾಳೆ ಹೊಲಕ್ಕೆ ಹೋದಾಗ ಒಂದು ಸುಳಿ ಬಿಚ್ಚಿ, ಒಂದು ದಂಟು ಸೀಳಿ. ಹುಳುವಿನ ಹಣೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ ಇದ್ದರೆ ಅದು ಲದ್ದಿ ಹುಳು. ಒಂದೇ ಗಿಡದಲ್ಲಿ ಎರಡೂ ಸಿಕ್ಕರೆ ಫೋಟೋ ಕಳಿಸಿ, ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ.