ಮೊದಲು ಬಾಗಿಲ ಸ್ಟಿಕ್ಕರ್ ಓದಿ, ಆಮೇಲೆ ಕ್ಯಾಂಪರ್ ನೋಡಿ

ನಮಸ್ಕಾರ. ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಪುಟ್ಟದೊಂದು ಮನೆ ಕೂರಿಸಿಕೊಂಡು ಸುತ್ತಾಡಬೇಕು ಅನ್ನೋರು ಸಾಮಾನ್ಯವಾಗಿ ಮೊದಲು ನೋಡೋದು ಕ್ಯಾಂಪರ್ ಒಳಗಿನ ಫೋಟೋಗಳನ್ನ. ಹಾಸಿಗೆ ಎಷ್ಟು ಅಗಲ ಇದೆ, ಒಲೆಗೆ ಎಷ್ಟು ಬರ್ನರ್, ಟಾಯ್ಲೆಟ್ ಇದೆಯಾ ಇಲ್ವಾ. ಆ ಫೋಟೋಗಳನ್ನ ಸ್ವಲ್ಪ ಹೊತ್ತು ಬದಿಗಿಡಿ. ನಿಮ್ಮ ಪಿಕಪ್‌ನ ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿನ ಮೇಲೆ ಅಂಟಿಸಿರೋ ಸ್ಟಿಕ್ಕರ್ ಓದಿ. ನಿಮಗೆ ಯಾವ ಕ್ಯಾಂಪರ್ ಆಗುತ್ತೆ ಅನ್ನೋದನ್ನ ತೀರ್ಮಾನಿಸೋದು ಆ ಸ್ಟಿಕ್ಕರ್. ಶೋರೂಮ್ ಅಲ್ಲ, ಸೇಲ್ಸ್‌ಮನ್ನೂ ಅಲ್ಲ.

ಅಮೆರಿಕ, ಕೆನಡಾದಲ್ಲಿ ಮಾರೋ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಎರಡು ಸ್ಟಿಕ್ಕರ್ ಸಿಗುತ್ತೆ. ಒಂದು ಟೈರ್ ಮತ್ತು ಲೋಡಿನದು. ಕೂರೋರು ಮತ್ತು ಸಾಮಾನು ಎರಡೂ ಸೇರಿ ಇಷ್ಟು ಕೆಜಿ ಮೀರಬಾರದು ಅಂತ ಅದರಲ್ಲಿ ನೇರವಾಗಿ ಬರೆದಿರುತ್ತೆ. ಅದೇ ನಿಮ್ಮ ಗಾಡಿಯ ಪೇಲೋಡ್. ನಿಮ್ಮ ಗಾಡಿಯದ್ದು ಅಂತ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಬ್ರೋಷರ್‌ನಲ್ಲಿರೋದು ಆ ಮಾಡೆಲ್‌ನ ಅತಿ ಹಗುರ ಅವತಾರ ಹೊರಬಲ್ಲ ತೂಕ. ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಸನ್‌ರೂಫ್, ಲೆದರ್ ಸೀಟು ಅಂತ ಸೇರಿಸ್ತಾ ಹೋದಷ್ಟೂ ಗಾಡಿಯ ಸ್ವಂತ ತೂಕ ಏರುತ್ತೆ, ಪೇಲೋಡ್ ಇಳಿಯುತ್ತೆ. ಒಂದೇ ಹೆಸರಿನ ಎರಡು ಟ್ರಕ್ ಪಕ್ಕಪಕ್ಕ ನಿಂತಿದ್ದಾಗ ಅವುಗಳ ಪೇಲೋಡ್ ನಡುವೆ ಇನ್ನೂರು ಕೆಜಿಗಿಂತ ಹೆಚ್ಚು ಅಂತರ ಇರಬಹುದು. ಇನ್ನೊಂದು ಸ್ಟಿಕ್ಕರ್‌ನಲ್ಲಿ ಜಿವಿಡಬ್ಲ್ಯುಆರ್, ಅಂದ್ರೆ ಎಲ್ಲ ತುಂಬಿದ ಮೇಲೆ ಗಾಡಿ ಒಟ್ಟು ಎಷ್ಟು ತೂಗಬಹುದು ಅನ್ನೋ ಗರಿಷ್ಠ ಮಿತಿ, ಜೊತೆಗೆ ಮುಂದಿನ ಆಕ್ಸಲ್‌ಗೆ ಎಷ್ಟು, ಹಿಂದಿನ ಆಕ್ಸಲ್‌ಗೆ ಎಷ್ಟು ಅಂತ ಇರುತ್ತೆ. ಎರಡರ ಫೋಟೋನೂ ತೆಗೆದಿಟ್ಟುಕೊಳ್ಳಿ.

ಹಾಫ್ ಟನ್, ಮುಕ್ಕಾಲು ಟನ್, ಒಂದು ಟನ್ ಅನ್ನೋ ಪಿಕಪ್ ದರ್ಜೆಗಳ ಹೆಸರುಗಳನ್ನ ನಂಬಿ ಲೆಕ್ಕ ಹಾಕಬೇಡಿ. ಅವು ಹಳೇ ಕಾಲದಿಂದ ಉಳಿದುಬಂದ ಹೆಸರುಗಳು, ತೂಕದ ಮಾತಲ್ಲ. ಡೀಸೆಲ್ ಎಂಜಿನ್ನಿನ ಮುಕ್ಕಾಲು ಟನ್ ಟ್ರಕ್ ವಿಷಯದಲ್ಲಂತೂ ಇನ್ನೂ ಹುಷಾರಾಗಿರಿ. ಅವುಗಳಲ್ಲಿ ಹಲವಕ್ಕೆ ಒಟ್ಟು ಮಿತಿಯನ್ನ 10,000 ಪೌಂಡ್, ಅಂದ್ರೆ ಸುಮಾರು 4,536 ಕೆಜಿಗೆ ನಿಲ್ಲಿಸಿರ್ತಾರೆ. ಎಂಜಿನ್ನೇ ಭಾರ, ಮಿತಿ ಮಾತ್ರ ಮೇಲಕ್ಕೆ ಹೋಗಲ್ಲ, ಹಾಗಾಗಿ ಉಳಿಯೋ ಪೇಲೋಡ್ ಒಳ್ಳೇ ಹಾಫ್ ಟನ್ನಿನ ಹತ್ತಿರಕ್ಕೇ ಬಂದು ನಿಲ್ಲಬಹುದು. ಜಾಹೀರಾತಲ್ಲಿ ದೊಡ್ಡಕ್ಷರದಲ್ಲಿ ಹಾಕೋ ಎಳೆಯುವ ಸಾಮರ್ಥ್ಯವೂ ಇಲ್ಲಿ ಉಪಯೋಗಕ್ಕಿಲ್ಲ. ಕ್ಯಾಂಪರನ್ನ ಗಾಡಿ ಎಳೆಯಲ್ಲ, ಹೊರುತ್ತೆ.

ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯಕ್ಕೆ ಬರ್ತೀನಿ. ಡ್ರೈ ವೆಯ್ಟ್. ಕ್ಯಾಂಪರ್ ಬ್ರೋಷರ್‌ನಲ್ಲಿ ಎದ್ದು ಕಾಣೋದು ಈ ತೂಕ. ನೀರಿಲ್ಲ, ಗ್ಯಾಸ್ ಇಲ್ಲ, ಎಷ್ಟೋ ಸಲ ಬ್ಯಾಟರಿಯೂ ಇಲ್ಲ, ಆಪ್ಷನ್ ಅಂತ ಬರೆದಿರೋ ಯಾವುದೂ ಇಲ್ಲ. ಆ ಸ್ಥಿತಿಯಲ್ಲಿ ಯಾರೂ ಪ್ರಯಾಣ ಮಾಡಲ್ಲ. ಹಾಗಾಗಿ ಲೆಕ್ಕವನ್ನ ಕ್ಯಾಂಪರ್ ತುದಿಯಿಂದ ಶುರು ಮಾಡಬೇಡಿ. ಸ್ಟಿಕ್ಕರ್‌ನಿಂದ ಶುರು ಮಾಡಿ ಕಳೀತಾ ಬನ್ನಿ.

ಒಂದು ಲೆಕ್ಕ ಪೂರ್ತಿ ಮಾಡೋಣ. ಸ್ಟಿಕ್ಕರ್ 720 ಕೆಜಿ ಅನ್ನುತ್ತೆ ಅಂದ್ಕೊಳ್ಳಿ. ಒಳ್ಳೇ ಹಾಫ್ ಟನ್ ಪಿಕಪ್ಪಿಗೆ ಇದು ಸಹಜವಾದ ಅಂಕಿ. ಇಬ್ಬರು ಕೂತರೆ 150 ಹೋಯ್ತು, ಉಳಿದಿದ್ದು 570. ಗಾಡಿ ಕಾರ್ಖಾನೆಯಿಂದ ಬಂದ ಮೇಲೆ ನೀವು ಹಾಕಿಸಿದ ಬೆಡ್ ಲೈನರ್ (ಬೆಡ್ ಅಂದ್ರೆ ಟ್ರಕ್ಕಿನ ಹಿಂದಿನ ತೊಟ್ಟಿ, ಲೈನರ್ ಅದರ ಒಳಹಾಸು), ಕಾಲಿಡೋ ಪಟ್ಟಿ, ಹಿಂದಿನ ಹಿಚ್ (ಟ್ರೇಲರ್ ಕಟ್ಟೋ ಕೊಂಡಿ) ಸೇರಿ 45 ಅಂತಿಟ್ಟುಕೊಳ್ಳಿ. 525 ಆಯ್ತು. ನೀರು 75 ಲೀಟರ್ ಅಂದ್ರೆ 75 ಕೆಜಿ. ನೀರಿನ ತೂಕದಲ್ಲಿ ಚೌಕಾಸಿ ಇಲ್ಲ. ಇಪ್ಪತ್ತು ಪೌಂಡಿನ ಪ್ರೊಪೇನ್ ಸಿಲಿಂಡರ್ ಅಂತ ಕರೆಯೋದು ತುಂಬಿದಾಗ ಉಕ್ಕಿನ ತೂಕವೂ ಸೇರಿ ಸುಮಾರು 17 ಕೆಜಿ. ಲೆಡ್ ಆಸಿಡ್ ಬ್ಯಾಟರಿ 27. ಊಟದ ಸಾಮಾನು, ಕುಡಿಯೋದು 35. ಪಾತ್ರೆ ಪಗಡಿ 15. ಹಾಸಿಗೆ, ಹೊದಿಕೆ, ಬಟ್ಟೆ 35. ಟೂಲ್ಸ್, ಹಗ್ಗ, ಕೆಸರಲ್ಲಿ ಸಿಕ್ಕಿಕೊಂಡರೆ ಬೇಕಾಗೋ ಸಾಮಾನು 25. ಮಡಚೋ ಕುರ್ಚಿ, ಟೇಬಲ್ 16. ಕೂಡಿದರೆ 245. ಇದರಲ್ಲಿ ಆಡಂಬರದ್ದು ಒಂದೂ ಇಲ್ಲ, ಆದರೂ ಹನಿಹನಿ ಕೂಡಿ ಹಳ್ಳವೇ ಆಗಿಬಿಡ್ತು. 525ರಲ್ಲಿ 245 ಕಳೆದರೆ 280.

ಅಂದ್ರೆ ಈ ಗಾಡಿ ಹೊರಬಲ್ಲ ಕ್ಯಾಂಪರ್, ಎಲ್ಲಾ ಆಪ್ಷನ್ ಸೇರಿ, 280 ಕೆಜಿ. ಬ್ರೋಷರ್‌ನಲ್ಲಿ 430 ಅಂತ ಬರೆದು ಹಾಫ್ ಟನ್ನಿಗೆ ಸರಿಹೊಂದುತ್ತೆ ಅಂತ ಹೇಳೋ ಕ್ಯಾಂಪರ್ 150 ಕೆಜಿ ಮೇಲಾಯ್ತು, ಅದೂ ಏಸಿ, ಹೊರಗಿನ ಛಾವಣಿ ಯಾವುದನ್ನೂ ಸೇರಿಸದೆ. ಬೆಡ್‌ನ ಹಿಂಬಾಗಿಲು, ಅಂದ್ರೆ ಟೇಲ್‌ಗೇಟ್ ಬಿಚ್ಚಿಟ್ಟರೆ ಮೂವತ್ತು ಕೆಜಿ ವಾಪಸ್ ಬರುತ್ತೆ ನಿಜ, ಆದ್ರೆ ಕ್ಯಾಂಪರನ್ನ ಗಾಡಿಗೆ ಬಿಗಿಯೋ ಕೊಂಡಿಗಳು (ಟೈಡೌನ್) ಮತ್ತು ರಬ್ಬರ್ ಹಾಸು ಅದನ್ನ ಬಹುಪಾಲು ತಿಂದುಬಿಡುತ್ತೆ. ಹಾಫ್ ಟನ್ ಕ್ಯಾಂಪರ್ ಅನ್ನೋ ಮಾತಿಗೆ ಅರ್ಥವೇ ಇಲ್ಲ ಅಂತ ನಾನು ಹೇಳೋದು ಇದಕ್ಕೇ. ಯಾವ ಹಾಫ್ ಟನ್, ಎಷ್ಟು ಜನ, ಎಷ್ಟು ನೀರು ಅಂತ ಕೇಳದೆ ಆ ಮಾತನ್ನ ಯಾರೂ ಹೇಳೋಕೆ ಬರಲ್ಲ.

ಅಮೆರಿಕದ ನಿಯಮದ ಪ್ರಕಾರ ಕ್ಯಾಂಪರ್ ಮೇಲೂ ತೂಕದ ಲೇಬಲ್ ಇರಬೇಕು. ಇಷ್ಟು ನೀರು, ಇಷ್ಟು ಗ್ಯಾಸ್ ತುಂಬಿದಾಗ ಗರಿಷ್ಠ ಇಷ್ಟು ತೂಕ ಅಂತ ಅದರಲ್ಲಿ ಇರುತ್ತೆ. ಕೊಳ್ಳೋ ಮುಂಚೆ ಬ್ರೋಷರ್ ಬಿಟ್ಟು ಆ ಲೇಬಲ್ ತೋರಿಸಿ ಅಂತ ಕೇಳಿ. ಸಾಧ್ಯವಾದ್ರೆ ನೀವು ಕೊಳ್ಳಲಿರೋ ಅದೇ ಕ್ಯಾಂಪರನ್ನ ತೂಗಿಸಿ ಅನ್ನಿ.

ಹಾಗಾದ್ರೆ 280 ಕೆಜಿಗೆ ಏನು ಸಿಗುತ್ತೆ? ಗಟ್ಟಿ ಗೋಡೆಯ, ಒಳಗೇ ಬಾತ್‌ರೂಮ್ ಇರೋ ಕ್ಯಾಂಪರ್ ಖಂಡಿತ ಇಲ್ಲ. ಅವು ಸಲೀಸಾಗಿ 700 ಕೆಜಿ ದಾಟುತ್ತವೆ, ದೊಡ್ಡವು ಒಂದೂವರೆ ಟನ್ ಮೀರೋದೂ ಉಂಟು. ನಿಮಗೆ ಸಿಗೋದು ಅಲ್ಯುಮಿನಿಯಂ ಚೌಕಟ್ಟಿನ, ಛಾವಣಿ ಮೇಲೇಳೋ ಪಾಪ್‌ಅಪ್ ಕ್ಯಾಂಪರ್‌ನ ಖಾಲಿ ಶೆಲ್. ಹಾಸಿಗೆ, ದೀಪ, ಫ್ಯಾನ್ ಇರುತ್ತೆ, ಮಿಕ್ಕಿದ್ದೆಲ್ಲ ನೀವೇ ಜೋಡಿಸಿಕೊಳ್ಳೋದು. ನನ್ನ ಮಟ್ಟಿಗೆ ಇದೇ ಒಳ್ಳೇ ಆಯ್ಕೆ, ಇದ್ದಿದ್ದರಲ್ಲಿ ಸುಧಾರಿಸಿಕೊಳ್ಳೋ ರಾಜಿ ಅಂತ ನಾನು ನೋಡಲ್ಲ. ಒಳಗೆ ಪೀಠೋಪಕರಣ ಕೂರಿಸಿಲ್ಲ ಅಂದ್ರೆ ಒಂದೊಂದು ಕೆಜಿಯೂ ನಿಮ್ಮ ಕೈಯಲ್ಲೇ ಇರುತ್ತೆ. ಕೂರಿಸಿದ ಸಿಂಕು, ಒಲೆಯ ಬದಲು ಪೆಟ್ಟಿಗೆಯಲ್ಲಿ ಬರೋ ಒಲೆ, ದೊಡ್ಡ ಟ್ಯಾಂಕಿನ ಬದಲು ಇಪ್ಪತ್ತು ಲೀಟರಿನ ಎರಡು ಕ್ಯಾನು. ಲೆಡ್ ಆಸಿಡ್ ಬದಲು 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದ್ರೆ ತೂಕ ಅರ್ಧಕ್ಕಿಳಿಯುತ್ತೆ, ಬಳಸಬಹುದಾದ ವಿದ್ಯುತ್ತು ಹೆಚ್ಚಾಗುತ್ತೆ. ಹಣ ಒಂದೇ ಕಡೆ ಹಾಕೋದಾದ್ರೆ ಅಲ್ಲಿ ಹಾಕಿ. ಕ್ಯಾಂಪರ್ ಎತ್ತಿ ಇಳಿಸೋ ಜ್ಯಾಕುಗಳನ್ನ ಬಿಚ್ಚಿ ಮನೇಲೇ ಬಿಟ್ಟು ಹೋಗೋಕೆ ಬರುತ್ತಾ ಅಂತಲೂ ವಿಚಾರಿಸಿ. ಪಾಪ್‌ಅಪ್‌ಗೆ ಕೊರತೆಗಳಿಲ್ಲ ಅಂತಲ್ಲ. ಬಟ್ಟೆ ಗೋಡೆಯಲ್ಲಿ ಚಳಿ ನುಗ್ಗುತ್ತೆ, ರಾತ್ರಿ ಉಸಿರಿನ ತೇವ ಹನಿಗಟ್ಟುತ್ತೆ, ಒದ್ದೆ ಬಟ್ಟೆಯನ್ನ ಹಾಗೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ. ಕಡು ಚಳಿಯಲ್ಲೇ ಹೆಚ್ಚು ದಿನ ಇರೋರಾದ್ರೆ ಗಟ್ಟಿ ಗೋಡೆ ಬೇಕು, ಅದಕ್ಕೆ ತಕ್ಕ ದೊಡ್ಡ ಟ್ರಕ್ಕೂ ಬೇಕು.

ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದು, ಆ ತೂಕ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ. ಕ್ಯಾಂಪರ್ ಪಕ್ಕದಲ್ಲಿ ಸಾಮಾನ್ಯವಾಗಿ ಅದರ ಗುರುತ್ವ ಕೇಂದ್ರದ ಗುರುತು ಇರುತ್ತೆ. ಅದು ಹಿಂದಿನ ಆಕ್ಸಲ್‌ಗಿಂತ ಮುಂದೆ ಬರಬೇಕು. ಒಂದು ಉದಾಹರಣೆ: ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3.6 ಮೀಟರ್ ದೂರ ಇದೆ, ತುಂಬಿದ ಕ್ಯಾಂಪರ್ 600 ಕೆಜಿ. ಗುರುತು ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದಿದ್ರೆ ಮುಂದಿನ ಚಕ್ರಗಳಿಗೆ 50 ಕೆಜಿ ಸೇರುತ್ತೆ, ಹಿಂದಿನದಕ್ಕೆ 550. ಅದೇ ಗುರುತು 30 ಸೆಂಟಿಮೀಟರ್ ಹಿಂದೆ ಹೋದ್ರೆ ಹಿಂದಿನ ಆಕ್ಸಲ್ 650 ಹೊರಬೇಕು, ಮುಂದಿನ ಚಕ್ರದಿಂದ 50 ಕೆಜಿ ಎದ್ದುಹೋಗುತ್ತೆ. ಸ್ಟೀರಿಂಗ್ ಹಗುರ ಅನ್ನಿಸುತ್ತೆ, ಬ್ರೇಕ್ ಒತ್ತಿದಾಗ ಮುಂದಿನ ಟೈರಿನ ಹಿಡಿತ ಕಡಿಮೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತೆ. ಹಿಂದೆ ತೂಗುಹಾಕೋ ಸಾಮಾನು ಇನ್ನೂ ಕೆಟ್ಟದ್ದು. ಇದೇ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ 1.8 ಮೀಟರ್ ಹಿಂದೆ ಹಿಚ್ ರ್‍ಯಾಕಿನ ಮೇಲೆ 30 ಕೆಜಿಯ ಜನರೇಟರ್ ಇಟ್ಟರೆ ಹಿಂದಿನ ಆಕ್ಸಲ್‌ಗೆ ಅದು 45 ಕೆಜಿಯಾಗಿ ಬೀಳುತ್ತೆ. ನೀರಿನ ಟ್ಯಾಂಕ್ ಎಲ್ಲಿದೆ ಅಂತಲೂ ನೋಡಿ. ಹಿಂದಿದ್ದರೆ ಟ್ಯಾಂಕ್ ತುಂಬಿದ ದಿನ ಗಾಡಿ ಓಡೋ ರೀತಿಯೇ ಬೇರೆ.

ಟೈರ್ ಬಗ್ಗೆ ಬೇಗ ಹೇಳ್ತೀನಿ. ಟೈರಿನ ಪಕ್ಕದಲ್ಲಿರೋ ಲೋಡ್ ಇಂಡೆಕ್ಸ್ 116 ಅಂದ್ರೆ ಒಂದು ಟೈರಿಗೆ 1,250 ಕೆಜಿ, 121 ಅಂದ್ರೆ 1,450. ಕಾರಿನ ದರ್ಜೆಯ ಟೈರನ್ನ ಪಿಕಪ್ಪಿಗೆ ಹಾಕಿದಾಗ ಆ ಕೆಜಿ ಅಂಕಿಯನ್ನ 1.10ರಿಂದ ಭಾಗಿಸಬೇಕು. ಕ್ಯಾಂಪರ್ ಹೊರೋದಾದ್ರೆ ಎಲ್‌ಟಿ, ಅಂದ್ರೆ ಲೈಟ್ ಟ್ರಕ್ ದರ್ಜೆಯ ಟೈರ್ ಹಾಕಿಸಿ. ಆದ್ರೆ ಅವು ಪೂರ್ತಿ ತೂಕ ಹೊರೋದು ಪೂರ್ತಿ ಗಾಳಿ ಇದ್ದಾಗ ಮಾತ್ರ, ಲೋಡ್ ರೇಂಜ್ ಇ (ಟೈರಿನ ಬಲದ ಒಂದು ದರ್ಜೆ) ಆದ್ರೆ ಸಾಮಾನ್ಯವಾಗಿ 80 ಪಿಎಸ್‌ಐ. ಗಾಳಿ ಕಡಿಮೆಯಿದ್ರೆ ಟೈರಿನ ಪಕ್ಕ ಬಳುಕಿ ಬಿಸಿಯೇರುತ್ತೆ, ಬಿಸಿಯಲ್ಲೇ ಪದರ ಬಿಡೋದು. ರಿಮ್ಮಿಗೂ ತನ್ನದೇ ಮಿತಿ ಇದೆ, ಅದನ್ನೂ ನೋಡಿ.

ಇನ್ನು ಏರ್‌ಬ್ಯಾಗ್. ಹಿಂದಿನ ಸ್ಪ್ರಿಂಗ್‌ಗೆ ಗಾಳಿ ಚೀಲ ಹಾಕಿಸಿ, ಸ್ಪ್ರಿಂಗಿಗೆ ಇನ್ನೊಂದು ಉಕ್ಕಿನ ಪಟ್ಟಿ (ಎಕ್ಸ್‌ಟ್ರಾ ಲೀಫ್) ಸೇರಿಸಿ, ಆಮೇಲೆ ಎಷ್ಟಾದ್ರೂ ಹೊರುತ್ತೆ ಅನ್ನೋ ಸಲಹೆ ಎಲ್ಲೆಡೆ ಕೇಳಿಬರುತ್ತೆ. ದಯವಿಟ್ಟು ನಂಬಬೇಡಿ. ಚೀಲ ಗಾಡಿಯ ಹಿಂಭಾಗವನ್ನ ಮಟ್ಟಕ್ಕೆ ಎತ್ತುತ್ತೆ, ಓಲಾಡೋದನ್ನ ಸ್ವಲ್ಪ ತಡೆಯುತ್ತೆ, ಅಷ್ಟೆ. ಬ್ರೇಕ್ ಅದೇ, ಆಕ್ಸಲ್ ಅದೇ, ವೀಲ್ ಬೇರಿಂಗ್ ಅದೇ, ಚಾಸಿ ಅದೇ. ಸ್ಟಿಕ್ಕರ್‌ನ ಅಂಕಿ ಒಂದು ಕೆಜಿಯೂ ಏರಲ್ಲ. ಅಪಾಯ ಏನಂದ್ರೆ ಗಾಡಿ ಬಗ್ಗಿ ನಿಂತಾಗ ಭಾರ ಜಾಸ್ತಿ ಅಂತ ಕಣ್ಣಿಗೆ ಕಾಣ್ತಿತ್ತು, ಈಗ ಅದೂ ಕಾಣಲ್ಲ. ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳ ಮೂಲಕ ಭಾರವನ್ನ ಚಾಸಿಯ ಎರಡು ಜಾಗಗಳಿಗೆ ಹಂಚುತ್ತೆ, ಚೀಲ ಅದನ್ನ ಆಕ್ಸಲ್ ಮೇಲಿನ ಒಂದೇ ಜಾಗಕ್ಕೆ ತಳ್ಳುತ್ತೆ. ಹಿಂದೆ ಉದ್ದಕ್ಕೆ ಚಾಚಿಕೊಂಡ ಭಾರ, ಹಳ್ಳಕೊಳ್ಳದ ರಸ್ತೆ, ಬಿಗಿಯಾಗಿ ಗಾಳಿ ತುಂಬಿದ ಚೀಲ ಮೂರೂ ಸೇರಿದಾಗ ಕ್ಯಾಬಿನ್ ಹಿಂದೆ ಚಾಸಿ ಬಾಗೋದು ಹೀಗೇ. ಮಿತಿಯೊಳಗಿರೋ ಗಾಡಿಗೆ ಚೀಲ ಒಳ್ಳೇದು. ಮಿತಿ ಮೀರಿದ ಗಾಡಿಗೆ ಅದು ಮುಸುಕು. ಆಸ್ಟ್ರೇಲಿಯಾದಲ್ಲಿ ಸರ್ಟಿಫಿಕೇಟ್ ಸಮೇತ ಒಟ್ಟು ಮಿತಿಯನ್ನೇ ಏರಿಸೋ ಅಧಿಕೃತ ದಾರಿ ಇದೆ, ಅದು ಬೇರೆ ವಿಷಯ. ಅಂಗಡಿಯಲ್ಲಿ ಚೀಲ ಕೊಂಡು ಹಾಕಿಸೋದು ಅದಲ್ಲ.

ಕೊನೆಗೆ ತೂಗಿಸಿ. ಟ್ಯಾಂಕ್ ತುಂಬ ಇಂಧನ, ತುಂಬ ನೀರು, ಹೋಗೋರೆಲ್ಲ ಒಳಗೆ ಕೂತು, ಪ್ರವಾಸಕ್ಕೆ ಹೊರಟ ಹಾಗೇ ವೇಬ್ರಿಡ್ಜ್‌ಗೆ ಹೋಗಿ. ಅಮೆರಿಕ, ಕೆನಡಾದ ಟ್ರಕ್ ಸ್ಟಾಪ್‌ಗಳಲ್ಲಿರೋ ಕ್ಯಾಟ್ ಸ್ಕೇಲ್‌ಗಳಲ್ಲಿ ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ ನಿಲ್ಲಿಸಿದ್ರೆ ಎರಡೂ ಆಕ್ಸಲ್ ತೂಕ ಬೇರೆಬೇರೆಯಾಗಿ ಚೀಟಿಯಲ್ಲಿ ಬರುತ್ತೆ. ಮೂರು ಅಂಕಿಗಳನ್ನ ಸ್ಟಿಕ್ಕರ್ ಜೊತೆ ಹೋಲಿಸಿ: ಒಟ್ಟು, ಮುಂದೆ, ಹಿಂದೆ. ಸಾಮಾನ್ಯವಾಗಿ ಮೊದಲು ಮಿತಿ ತಲುಪೋದು ಹಿಂದಿನ ಆಕ್ಸಲ್. ಮೀರಿದ್ರೆ ಮೊದಲು ನೀರು ಇಳಿಸಿ, ತಂಗೋ ಜಾಗದ ಹತ್ತಿರ ತುಂಬಿಸಿಕೊಳ್ಳಬಹುದು. ಆಮೇಲೆ ಹಿಂದಿನ ರ್‍ಯಾಕ್ ಖಾಲಿ ಮಾಡಿ. ಟೂಲ್ ಪೆಟ್ಟಿಗೆಯನ್ನ ಕ್ಯಾಬಿನ್ನಿನ ಹಿಂದಿನ ಸೀಟಿನ ಬುಡಕ್ಕೆ ತನ್ನಿ. ಆಮೇಲೂ ಐವತ್ತು ಕೆಜಿ ಮೇಲಿದ್ರೆ ಸಮಸ್ಯೆ ಸಾಮಾನಿನದಲ್ಲ, ಕ್ಯಾಂಪರ್‌ನದ್ದು.

ತೂಗಿಸಿ ಹೊರಟ ಮೇಲೆ ಮೊದಲ ಐವತ್ತು ಕಿಲೋಮೀಟರ್ ಆದಾಗ ಒಮ್ಮೆ ನಿಲ್ಲಿಸಿ. ಹೊಸದಾಗಿ ಕೂತ ಕ್ಯಾಂಪರ್ ಬೆಡ್‌ನಲ್ಲಿ ಅದುಮಿ ತಗ್ಗುತ್ತೆ, ಅದನ್ನ ನಾಲ್ಕು ಮೂಲೆಯಲ್ಲಿ ಬಿಗಿಯೋ ತಿರುಪಿನ ಕೊಂಡಿ (ಟರ್ನ್‌ಬಕಲ್) ಸಡಿಲ ಆಗುತ್ತೆ. ನಾಲ್ಕನ್ನೂ ಕೈಯಿಂದ ಅಲ್ಲಾಡಿಸಿ ನೋಡಿ, ಸಡಿಲಿದ್ರೆ ಬಿಗಿ ಮಾಡಿ ಲಾಕ್ ನಟ್ ತಿರುಗಿಸಿ. ತೀರ ಬಿಗಿದ್ರೆ ಬೆಡ್‌ನ ಅಂಚೇ ಬಾಗುತ್ತೆ. ಟೈರಿನ ಪಕ್ಕವನ್ನೂ ವೀಲ್ ಹಬ್ಬನ್ನೂ ಅಂಗೈಯಿಂದ ಮುಟ್ಟಿ ನೋಡಿ. ಎಡಕ್ಕೂ ಬಲಕ್ಕೂ ಬಿಸಿಯಲ್ಲಿ ವ್ಯತ್ಯಾಸ ಕಂಡ್ರೆ ಆ ಕಡೆ ಗಾಳಿ, ಬ್ರೇಕ್, ಬೇರಿಂಗ್ ಮೂರನ್ನೂ ನೋಡಿಕೊಂಡೇ ಮುಂದೆ ಹೋಗಿ.